ಚಿಕ್ಕಮ್ಮನ ಡಾಗ್‌ವುಡ್ ಸಸಿ ಹೊತ್ತು ಅಟ್ಲಾಂಟಾವರೆಗೆ

ಅಮೆರಿಕ ಹೇಗಿದೆ ಅಂತ ಮಳವಳ್ಳಿಯಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ದೊಡ್ಡ ಕಟ್ಟಡ ನೋಡಿದೆಯಾ, ಹಿಮ ನೋಡಿದೆಯಾ ಅನ್ನುತ್ತಾರೆ. ಎರಡನ್ನೂ ಸರಿಯಾಗಿ ನೋಡಲಿಲ್ಲ. ನಾನು ನೋಡಿದ್ದು ಒಂದು ಮರ ಸಾಯುವುದನ್ನು. ಅದನ್ನೇ ಬರೆಯುತ್ತೇನೆ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು, ಗೂಡ್ಸ್ ಟೆಂಪೊ ಓಡಿಸುತ್ತೇನೆ. ಚೆಂದ ಮಾಡಿ ಬರೆಯಲು ನನಗೆ ಬರುವುದಿಲ್ಲ, ಇಷ್ಟವೂ ಇಲ್ಲ.

ಕ್ಲಾರ್ಕ್ಸ್‌ಬರ್ಗ್

ನಮ್ಮಮ್ಮನ ತಂಗಿ ವಿಮಲ ಚಿಕ್ಕಮ್ಮ ಮದುವೆಯಾದಾಗಿನಿಂದ ಅಮೆರಿಕದಲ್ಲೇ ಇದ್ದಾಳೆ. ಚಿಕ್ಕಪ್ಪ ಡಾಕ್ಟರು. ಕೊರೋನಾ ಶುರುವಾದ ವರ್ಷವೇ ತೀರಿಕೊಂಡರು. ಆಮೇಲೆ ಚಿಕ್ಕಮ್ಮ ಒಬ್ಬಳೇ ಕ್ಲಾರ್ಕ್ಸ್‌ಬರ್ಗಿನ ಆ ದೊಡ್ಡ ಮನೆಯಲ್ಲಿದ್ದಳು. ಮಂಡಿ ಹೋಯಿತು, ಮೆಟ್ಟಿಲು ಹತ್ತಲು ಆಗುವುದಿಲ್ಲ. ಅಟ್ಲಾಂಟಾದಲ್ಲಿರುವ ಮಗಳು ದೀಪಕ್ಕ, ಮನೆ ಮಾರಿ ನನ್ನ ಹತ್ತಿರ ಬಂದುಬಿಡು ಅಂದಳು. ಮನೆ ಮಾರಾಟವಾಯಿತು. ಹೊರಡುವ ಹೊತ್ತಿಗೆ ಜೊತೆಗೊಬ್ಬರು ಇರಲಿ ಅಂತ ಚಿಕ್ಕಮ್ಮ ಅಮ್ಮನಿಗೆ ಫೋನ್ ಮಾಡಿದಳು. ನಮ್ಮ ಮನೆಯಲ್ಲಿ ಮದುವೆಯಾಗದೆ ಖಾಲಿ ಇದ್ದವನು ನಾನೇ.

ಏಪ್ರಿಲ್ ಕೊನೆಯಲ್ಲಿ ಹೋಗಿ ಇಳಿದೆ. ಬೀದಿಯ ತುಂಬ ಒಂದೇ ಜಾತಿಯ ಮರ ಬೆಳ್ಳಗೆ ಹೂ ಬಿಟ್ಟಿತ್ತು. ನಾಲ್ಕು ಎಸಳು, ಪ್ರತಿ ಎಸಳಿನ ತುದಿಯಲ್ಲೂ ಬೀಡಿ ತಾಗಿಸಿದ ಹಾಗೆ ಕಂದು ಕಲೆ. ಡಾಗ್‌ವುಡ್ ಅಂತ ಹೆಸರಂತೆ. ಚೆನ್ನಾಗಿತ್ತು. ಚಿಕ್ಕಮ್ಮನ ಮನೆ ಹಿಂದೆಯೂ ಒಂದಿತ್ತು, ಕಾಡಿನ ಅಂಚಿಗೆ, ನೆರಳಿನಲ್ಲಿ. ಅದರಲ್ಲಿ ಹೂವಿದ್ದದ್ದು ನೆತ್ತಿಯಲ್ಲಿ ಮಾತ್ರ. ಕೆಳಗಿನ ಕೊಂಬೆಗಳೆಲ್ಲ ಒಣಗಿ ಕಡ್ಡಿಯಾಗಿದ್ದವು. ಹೋದ ವರ್ಷದ ಎಲೆಗಳು ಸುಟ್ಟ ಕಾಗದದ ಹಾಗೆ ಇನ್ನೂ ನೇತಾಡುತ್ತಿದ್ದವು. ಕಾಂಡದ ಮೈಮೇಲೆ ಎಳೆ ಚಿಗುರು ಗುಂಪು ಗುಂಪಾಗಿ ಎದ್ದಿತ್ತು.

“ನೋಡು, ಮೈಯೆಲ್ಲ ಚಿಗುರ್ತಿದೆ. ನೀರು ಸಾಲದೆ ಹಿಂಗಾಗಿತ್ತು ಅಷ್ಟೆ. ಬದುಕ್ಕೊಳ್ಳುತ್ತೆ” ಅಂದಳು ಚಿಕ್ಕಮ್ಮ.

ಬೆಳಗ್ಗೆ ಸ್ನಾನ, ಪೂಜೆ ಮುಗಿಸಿ ಆ ಮರಕ್ಕೆ ಪೈಪಿನಲ್ಲಿ ನೀರು ಹೊಡೆಯುವುದು ಅವಳ ದಿನದ ಕೆಲಸ. ಬುಡಕ್ಕಲ್ಲ, ತಲೆ ಮೇಲಿಂದ. ಎಲೆಯೆಲ್ಲ ತೊಟ್ಟಿಕ್ಕಬೇಕು. ಮಂಡಿ ನೋವು ಅಂತ ಈಗ ಆ ಕೆಲಸ ನನಗೆ ಬಂತು.

“ಬುಡಕ್ಕೆ ಬಿಟ್ರೆ ಸಾಲ್ದಾ ಚಿಕ್ಕಮ್ಮ? ಮರ ಕುಡಿಯೋದು ಬೇರಲ್ಲಿ ತಾನೆ?”

“ನಿಮ್ಮ ಚಿಕ್ಕಪ್ಪ ತಲೆಗೆ ಹಾಕ್ಕೊಳ್ದೆ ಯಾವತ್ತಾದ್ರೂ ಸ್ನಾನ ಮಾಡಿದಾರೇನೋ? ಸುಮ್ನೆ ತಲೆಗೆ ಹಾಕು.”

ನನಗೆ ಅರ್ಥವಾಗಲಿಲ್ಲ. ಆಮೇಲೆ ಅವಳೇ ಹೇಳಿದಳು. ಚಿಕ್ಕಪ್ಪ ಸತ್ತಾಗ ವಿಮಾನ ಇರಲಿಲ್ಲ. ಅಸ್ಥಿ ಡಬ್ಬಿಯಲ್ಲಿ ಮನೆಗೆ ಬಂತು. ಶ್ರೀರಂಗಪಟ್ಟಣಕ್ಕೆ ತರಬೇಕು ಅಂತ ದೇವರ ಮನೆಯ ಪಕ್ಕ ಇಟ್ಟುಕೊಂಡು ತಿಂಗಳುಗಟ್ಟಲೆ ಕಾದಳು. ಕೊನೆಗೆ ಅವರೇ ನೆಟ್ಟ ಈ ಮರದ ಬುಡದಲ್ಲಿ ಹಾಕಿದಳು. ಆವತ್ತು ಬಂದು ಗುಂಡಿ ತೋಡಿದ್ದು ಪಕ್ಕದ ಮನೆಯ ಸುಮಿತ್ರಕ್ಕ ಒಬ್ಬರೇ. ಅವರು ಮುಖಕ್ಕೆ ಎರಡು ಮಾಸ್ಕ್ ಹಾಕಿಕೊಂಡು ಗುದ್ದಲಿ ಹಿಡಿದಿದ್ದರಂತೆ. ದೀಪಕ್ಕ ಫೋನಿನಲ್ಲಿ ನೋಡಿದಳು.

ಮನೆ ಕೊಂಡವರು ಆ ಮರ ಕಡಿಸುತ್ತಾರೆ ಅಂತ ಗೊತ್ತಾದ ದಿನ ಚಿಕ್ಕಮ್ಮ ಊಟ ಮಾಡಲಿಲ್ಲ. ಮಾರನೆಯ ದಿನ ಮರದ ಬುಡದಲ್ಲಿ ತಾನಾಗಿ ಹುಟ್ಟಿದ್ದ ಎರಡು ಸಸಿ ತೋರಿಸಿದಳು. ಮೊಳದುದ್ದ ಇದ್ದವು.

“ಬೇರು ಕೀಳಬಾರದು. ಮಣ್ಣು ಪೂರ್ತಿ ಬರಬೇಕು. ಮಣ್ಣು ಮುಖ್ಯ.”

ಮಣ್ಣು ಯಾಕೆ ಮುಖ್ಯ ಅಂತ ನಾನು ಕೇಳಲಿಲ್ಲ. ಎರಡು ಬಕೆಟ್ಟಿಗೆ ಹಾಕಿಕೊಟ್ಟೆ. ಒಂದು ಅವಳಿಗೆ. ಒಂದು ಸುಮಿತ್ರಕ್ಕನಿಗೆ. ಅವರು ಆಗಲೇ ಕೆಲಸದ ಮೇಲೆ ಶಾರ್ಲೆಟ್‌ಗೆ ಹೋಗಿದ್ದರು, ನಮ್ಮ ದಾರಿಯಲ್ಲೇ ಸಿಗುತ್ತಿದ್ದರು.

ಲ್ಯಾನ್‌ಹ್ಯಾಮ್

ದೊಡ್ಡ ಸಾಮಾನೆಲ್ಲ ಲಾರಿಯಲ್ಲಿ ಹೋಯಿತು. ನಾವು ಕಾರಿನಲ್ಲಿ ಹೊರಟೆವು. ಮೊದಲು ಲ್ಯಾನ್‌ಹ್ಯಾಮ್‌ನ ದೇವಸ್ಥಾನ. ಅಲ್ಲೂ ಕಾರು ಪೂಜೆ ಮಾಡುತ್ತಾರೆ, ಚಕ್ರಕ್ಕೆ ನಿಂಬೆಹಣ್ಣು ಇಡುತ್ತಾರೆ. ನಮ್ಮಲ್ಲಿ ನಿಂಬೆಹಣ್ಣು ಅಪ್ಪಚ್ಚಿಯಾಗಿ ರಸ್ತೆಗೇ ಅಂಟಿಕೊಳ್ಳುತ್ತದೆ. ಇಲ್ಲಿ ಕಾರು ಮುಂದೆ ಹೋದ ಕೂಡಲೇ ಒಬ್ಬರು ಬಗ್ಗಿ ಪೇಪರಿನಲ್ಲಿ ಅದನ್ನು ಎತ್ತಿ, ನೆಲ ಒರೆಸಿ, ಡಬ್ಬಕ್ಕೆ ಹಾಕಿದರು. ದೃಷ್ಟಿ ಎಲ್ಲ ಡಬ್ಬದಲ್ಲಿ.

ಹಿಂದಿನ ಸೀಟಿನ ಬಕೆಟ್ಟುಗಳ ಮೇಲೂ ತೀರ್ಥ ಹಾಕಿ ಅಂತ ಚಿಕ್ಕಮ್ಮ ಹೇಳಿದಳು. ಅರ್ಚಕರು ಹಾಕಿದರು.

“ಏನಮ್ಮಾ ಇದು, ತುಳಸಿ ಅಲ್ಲವಲ್ಲ?”

“ನಮ್ಮನೆಯವರು” ಅಂದಳು ಚಿಕ್ಕಮ್ಮ.

ಅರ್ಚಕರು ನನ್ನ ಮುಖ ನೋಡಿದರು. ನಾನು ಬೇರೆ ಕಡೆ ನೋಡಿದೆ.

ದಾರಿಯಲ್ಲಿ

ಕಾರು ಓಡಿಸಿದ್ದು ಚಿಕ್ಕಮ್ಮ. ಎಪ್ಪತ್ತು ದಾಟಿದ ಹೆಂಗಸು. ಮಳವಳ್ಳಿಯಿಂದ ಮೇಟುಪಾಳ್ಯಕ್ಕೆ ಲೋಡು ಹೊಡೆಯುವ ನಾನು ಪಕ್ಕದಲ್ಲಿ ಕೂತು ಒಂದು ಬಕೆಟ್ಟನ್ನು ಕಾಲಿನ ಮಧ್ಯೆ ಹಿಡಿದುಕೊಂಡಿದ್ದೆ. ಬ್ರೇಕ್ ಇಲ್ಲದ ಜಾಗದಲ್ಲಿ ನೂರು ಸಲ ಬ್ರೇಕ್ ಒತ್ತಿದೆ.

“ನಿಧಾನ ಚಿಕ್ಕಮ್ಮ.”

“ನಿಧಾನ ಹೋದ್ರೆ ಇಲ್ಲಿ ಹಿಂದಿನವನು ಗುದ್ದುತಾನೆ. ನೀನು ಗಿಡ ಹಿಡ್ಕೊ.”

ಹಾರ್ನ್ ಮಾಡುವವರೇ ಇಲ್ಲ. ಗಂಟೆಗಟ್ಟಲೆ ಒಂದೇ ಶಬ್ದ. ನಿದ್ದೆ ಬರುತ್ತದೆ, ನಿದ್ದೆ ಮಾಡಿದರೆ ಬಕೆಟ್ ಉರುಳುತ್ತದೆ.

ವರ್ಜೀನಿಯಾದಲ್ಲಿ ಊಟಕ್ಕೆ ನಿಲ್ಲಿಸಿದೆವು. ಹೆದ್ದಾರಿ ಪಕ್ಕ ಹುಲ್ಲು, ಬೆಂಚು, ಶೌಚಾಲಯ. ಚಪಾತಿ ರೋಲ್ ತಿಂದೆವು. ಗಿಡಗಳಿಗೂ ಗಾಳಿ ಬೇಕು ಅಂತ ಚಿಕ್ಕಮ್ಮ ಇಳಿಸಿದಳು, ಬಾಟಲಿಯಿಂದ ತಲೆಗೆ ನೀರು ಹಾಕಿದಳು. ನಾಯಿ ಅಡ್ಡಾಡಿಸುತ್ತಿದ್ದ ಒಬ್ಬ ಬಿಳಿ ಹೆಂಗಸು ಹತ್ತಿರ ಬಂದಳು. ಬಗ್ಗಿ ಗಿಡ ನೋಡಿದಳು. ಏನೋ ಉದ್ದಕ್ಕೆ ಹೇಳಿದಳು. ಅವಳ ಮುಖ ಸಪ್ಪಗಾಗಿತ್ತು.

“ಏನಂತೆ?”

“ಅವರಮ್ಮನ ಮನೆ ಮೇಲೆ ಬೆಟ್ಟದಲ್ಲಂತೆ. ಅಲ್ಲಿ ಇದೇ ಮರ ಕಾಡು ತುಂಬ ಇತ್ತಂತೆ. ಎಲ್ಲಾ ಹೋಯ್ತಂತೆ. ಒಂದೂ ಉಳೀಲಿಲ್ಲವಂತೆ.”

“ಯಾಕಂತೆ?”

“ಕಾಡಲ್ಲಿ ಯಾರು ನೀರು ಹಾಕ್ತಾರೆ” ಅಂದು ಚಿಕ್ಕಮ್ಮ ಬಾಟಲಿ ಮುಚ್ಚಳ ತಿರುಗಿಸಿದಳು.

ಆಗ ನಾನು ಎಲೆ ನೋಡಿದೆ. ಕಂದು ಚುಕ್ಕೆಗಳಿದ್ದವು. ಚುಕ್ಕೆಯ ಸುತ್ತ ನೇರಳೆ ಬಣ್ಣದ ಗೆರೆ. ದೊಡ್ಡ ಮರದಲ್ಲೂ ಇದೇ ಇತ್ತು. ಆ ಮರದ ಎಲೆಯೇ ಹಾಗಿರಬೇಕು ಅಂದುಕೊಂಡೆ.

ಬ್ಯಾಲಂಟೈನ್

ಶಾರ್ಲೆಟ್ ಊರಿನ ಒಂದು ಕಡೆ ಬ್ಯಾಲಂಟೈನ್. ಎಲ್ಲ ಮನೆಯೂ ಒಂದೇ ಥರ. ನಾನು ಸಂಜೆ ವಾಕ್ ಹೋಗಿ ವಾಪಸ್ ಬರುವಾಗ ಬೇರೆಯವರ ಮನೆ ಬಾಗಿಲಿಗೆ ಹೋಗಿ ಗಂಟೆ ಒತ್ತಿದೆ. ಒಬ್ಬ ಮುದುಕ ಬಾಗಿಲು ತೆಗೆದು, ಬೈಯುತ್ತಾನೆ ಅಂದುಕೊಂಡರೆ, ಕೈ ಹಿಡಿದು ಸುಮಿತ್ರಕ್ಕನ ಮನೆವರೆಗೂ ತಂದು ಬಿಟ್ಟ. ನನ್ನ ಬಣ್ಣ ನೋಡಿಯೇ ಯಾವ ಮನೆ ಅಂತ ಅವನಿಗೆ ಗೊತ್ತಾಗಿತ್ತು.

ಸುಮಿತ್ರಕ್ಕ ಮೈಸೂರಿನವರು. ನಲವತ್ತರ ಮೇಲೆ ವಯಸ್ಸು, ಬ್ಯಾಂಕಿನಲ್ಲಿ ಕಂಪ್ಯೂಟರ್ ಕೆಲಸ. ಗಂಡ ಮೇಲಿನ ರೂಮಿನಲ್ಲಿ ಮೀಟಿಂಗ್ ಅಂತ ಕೂತವರು ಊಟಕ್ಕೆ ಮಾತ್ರ ಇಳಿದರು. ಮನೆ ಹಿಂದೆ ಸಣ್ಣ ತೊರೆ, ಅದರ ದಡದಲ್ಲಿ ದೊಡ್ಡ ಡಾಗ್‌ವುಡ್. ಹೂವಿನ ಕಾಲ ಮುಗಿದಿತ್ತು. ಆದರೂ ಕೊಡೆ ಬಿಚ್ಚಿದ ಹಾಗೆ ಕೆಳಗಿನ ಕೊಂಬೆಯವರೆಗೂ ಹಸಿರು. ಎಲೆಯಲ್ಲಿ ಒಂದು ಚುಕ್ಕೆ ಇರಲಿಲ್ಲ.

“ಈ ಮರ ನೋಡೇ ಆಂಟಿ ನಾವು ಮನೆ ತಗೊಂಡಿದ್ದು. ನಿಮ್ಮ ಮರದ ನೆನಪಾಯ್ತು” ಅಂದರು ಸುಮಿತ್ರಕ್ಕ.

ಚಿಕ್ಕಮ್ಮ ಆ ಮರದ ಮೈ ಸವರಿದಳು.

ಎರಡು ದಿನ ಇದ್ದೆವು. ಹೊರಡುವ ಬೆಳಗ್ಗೆ ಸಸಿ ಕೊಡುವ ಹೊತ್ತು ಬಂತು. ಚಿಕ್ಕಮ್ಮ ಬಕೆಟ್ಟನ್ನು ನನ್ನ ಕೈಗೆ ಕೊಟ್ಟು, “ನೀನು ಕೊಡೋ ಮಂಜ” ಅಂದಳು.

“ಯಾಕೆ, ಮಂಜ ಯಾಕೆ ಕೊಡಬೇಕು?” ಅಂದರು ಸುಮಿತ್ರಕ್ಕ.

“ಅವನೇ ಕೊಡಲಿ ಬಿಡು.”

“ಆಂಟಿ, ನಂಗೊತ್ತು ನೀವು ಯಾಕೆ ಹೀಗೆ ಹೇಳ್ತಿದೀರಾ ಅಂತ. ಅಂಕಲ್ ಹೋದ ಮೇಲೆ ಒಬ್ಬರಿಗೂ ನೀವು ಅರಿಶಿನ ಕುಂಕುಮ ಕೊಟ್ಟಿಲ್ಲ. ನವರಾತ್ರಿಲಿ ನಮ್ಮನೆಗೆ ಬಂದ್ರೆ ಕಿಚನ್‌ನಲ್ಲೇ ಇರ್ತಿದ್ರಿ. ನಾನು ನೋಡಿಲ್ವಾ? ನನಗೆ ನಿಮ್ಮ ಕೈಯಿಂದಾನೇ ಬೇಕು. ಕುಂಕುಮ ಇಟ್ಟು ಕೊಡಿ. ಇಲ್ಲಾಂದ್ರೆ ನಂಗೆ ಗಿಡ ಬೇಡ.”

“ಬೇಡ ಕಣೇ. ನೀನು ಮುತ್ತೈದೆ.”

“ಅಂಕಲ್‌ಗೆ ಗುಂಡಿ ತೋಡಿದ ಕೈ ಇದು. ಅವತ್ತು ನಿಮಗೆ ಬೇಡ ಅನಿಸ್ಲಿಲ್ವಲ್ಲ?”

ಸುಮಿತ್ರಕ್ಕ ಒಳಗೆ ಹೋಗಿ ಬಟ್ಟಲು ತಂದು ಚಿಕ್ಕಮ್ಮನ ಮುಂದೆ ಹಿಡಿದರು. ಚಿಕ್ಕಮ್ಮ ಬೆರಳು ಅದ್ದಿ ಅವರ ಹಣೆಗೆ ಇಟ್ಟಳು. ಆಮೇಲೆ ಸಸಿ ಕೊಟ್ಟಳು. ಇಬ್ಬರೂ ಅತ್ತರು. ನನಗೆ ಇಂಥದ್ದೆಲ್ಲ ಆಗಿಬರುವುದಿಲ್ಲ, ಗುದ್ದಲಿ ಎಲ್ಲಿದೆ ಅಂದೆ.

ದೊಡ್ಡ ಮರದ ನೆರಳಲ್ಲೇ ಇರಲಿ, ಹಿರಿಯರ ಪಕ್ಕ ಮಗು ಇದ್ದ ಹಾಗೆ ಅಂದರು ಸುಮಿತ್ರಕ್ಕ. ಅಲ್ಲೇ ನೆಟ್ಟೆ. ಹುಲ್ಲಿಗೆ ನೀರು ಚಿಮ್ಮುವ ಯಂತ್ರ ದಿನಾ ಬೆಳಗ್ಗೆ ಅಲ್ಲಿಗೂ ಚಿಮ್ಮುತ್ತಿತ್ತು. ಒಳ್ಳೆಯದಾಯಿತು, ತಲೆಗೇ ಬೀಳುತ್ತೆ ಅಂತ ಚಿಕ್ಕಮ್ಮನಿಗೆ ಸಮಾಧಾನ. ಅಟ್ಲಾಂಟಾವರೆಗೂ ಅವಳು ಮಾತಾಡುತ್ತಲೇ ಇದ್ದಳು. ಹುಡುಗಿಯಾಗಿದ್ದಾಗ ಮಳವಳ್ಳಿ ಟೆಂಟಿನಲ್ಲಿ ಸಿನಿಮಾ ನೋಡಿದ್ದು, ನಮ್ಮಮ್ಮ ಅವಳ ಲಂಗ ಕದ್ದು ಉಟ್ಟಿದ್ದು. ಅಷ್ಟು ನಕ್ಕಿದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಅಟ್ಲಾಂಟಾ

ದೀಪಕ್ಕ ಹುಟ್ಟಿದ್ದೇ ಅಮೆರಿಕದಲ್ಲಿ. ಕನ್ನಡ ಕಲ್ಲು ಒಡೆದ ಹಾಗೆ ಮಾತಾಡುತ್ತಾಳೆ, ಆದರೆ ಮಾತಾಡುತ್ತಾಳೆ. ಅವಳ ಮನೆ ಹಿಂದೆ ಕಾಡು. ಅಲ್ಲೂ ಡಾಗ್‌ವುಡ್ ಬೇಕಾದಷ್ಟು. ಸಸಿ ನೆಡಲು ಗೊಬ್ಬರ ಬೇಕು ಅಂತ ಮೂವರೂ ಗಿಡ ಮಾರುವ ಅಂಗಡಿಗೆ ಹೋದೆವು. ಯಾವ ಗೊಬ್ಬರ ಅಂತ ಕೇಳಲು ಸುಲಭವಾಗಲಿ ಅಂತ ಚಿಕ್ಕಮ್ಮ ಬಕೆಟ್ಟನ್ನೇ ತಂದಿದ್ದಳು.

ಅಂಗಡಿಯ ಹೆಂಗಸು ದಪ್ಪಗಿದ್ದಳು, ಮೈಯೆಲ್ಲ ಮಣ್ಣು. ನಗುತ್ತಾ ಬಂದಳು. ಎಲೆ ತಿರುಗಿಸಿ ನೋಡಿದಳು. ನಗು ನಿಂತಿತು. ಬಕೆಟ್ಟನ್ನು ಚಿಕ್ಕಮ್ಮನ ಕೈಯಿಂದ ತೆಗೆದುಕೊಂಡು ಸೀದಾ ಹೊರಗೆ ನಡೆದು ನಮ್ಮ ಕಾರಿನ ಪಕ್ಕ ಇಟ್ಟಳು. ಕೈಗೆ ಏನೋ ಸಿಂಪಡಿಸಿಕೊಂಡು ಉಜ್ಜಿದಳು. ಆಮೇಲೆ ಮಾತಾಡಿದಳು.

ದೀಪಕ್ಕ ಒಂದೊಂದೇ ಹೇಳಿದಳು. “ಮಾಮ್, ಇದು ಫಂಗಸ್. ಗಿಡಕ್ಕೆ ರೋಗ. ಈ ದೇಶದ್ದಲ್ಲ, ಹೊರಗಿಂದ ಬಂದಿದ್ದು. ಡಾಗ್‌ವುಡ್‌ನ ಕೊಲ್ಲುತ್ತೆ. ದೊಡ್ಡ ಮರದಲ್ಲಿ ಕೆಳಗಿನ ಕೊಂಬೆ ಮೊದಲು ಸತ್ತಿತ್ತಾ ಅಂತ ಕೇಳ್ತಿದಾಳೆ. ಕಾಂಡದಲ್ಲಿ ತುಂಬ ಚಿಗುರು ಬಂದಿತ್ತಾ ಅಂತ.”

“ಹೌದು. ಬದುಕೋಕೆ ಚಿಗುರಿತ್ತು” ಅಂದಳು ಚಿಕ್ಕಮ್ಮ.

“ನೋ ಮಾಮ್. ಅದು ಸಾಯೋ ಸೈನ್ ಅಂತೆ.”

ನಮ್ಮ ಕಡೆ ಭತ್ತಕ್ಕೆ ಬೆಂಕಿ ರೋಗ ಬರುತ್ತದಲ್ಲ, ಅದೂ ಬೂಷ್ಟಿನ ಜಾತಿಯೇ. ಔಷಧಿ ಹೊಡೆದರೆ ಸ್ವಲ್ಪವಾದರೂ ಉಳಿಯುತ್ತದೆ. ಅದನ್ನೇ ಕೇಳು ಅಂದೆ. ಚೆನ್ನಾಗಿರುವ ಮರಕ್ಕೆ ಮೊದಲೇ ಹೊಡೆದರೆ ತಡೆಯಬಹುದಂತೆ. ಇದಕ್ಕೆ ಹೊಡೆದು ಪ್ರಯೋಜನವಿಲ್ಲವಂತೆ. ಬಿಸಿಲಿರುವ ಕಡೆ ರೋಗ ಅಷ್ಟು ಹಬ್ಬುವುದಿಲ್ಲ. ತಂಪು, ನೆರಳು, ಒದ್ದೆ ಎಲೆ ಇದ್ದರೆ ಮುಗಿಯಿತು.

“ನೀರು ಎಲೆ ಮೇಲೆ ಹಾಕ್ತಿದ್ರಾ ಅಂತ ಕೇಳ್ತಿದಾಳೆ.”

ನಾನು ಹೌದು ಅಂತ ತಲೆ ಆಡಿಸಿದೆ. ಆ ಹೆಂಗಸು ಚಿಕ್ಕಮ್ಮನ ಭುಜ ಮುಟ್ಟಿ ಮೆಲ್ಲಗೆ ಏನೋ ಹೇಳಿದಳು. ನಿಮಗೆ ಗೊತ್ತಿರಲಿಲ್ಲ ತಾನೆ ಅಂದಳಂತೆ.

ಮನೆ ಒಳಗೇ ಕುಂಡದಲ್ಲಿ ಇಟ್ಟುಕೊಂಡರೆ ಆಗುವುದಿಲ್ಲವಾ ಅಂತ ಚಿಕ್ಕಮ್ಮ ಕೇಳಿದಳು. ಈ ಮರಕ್ಕೆ ಚಳಿಗಾಲದ ಚಳಿ ಬೇಕು, ಒಳಗೆ ಬದುಕುವುದಿಲ್ಲ ಅಂದಳು ಅಂಗಡಿಯವಳು. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಕಸಕ್ಕೆ ಹಾಕಿ. ಉದುರಿದ ಎಲೆ ಸೇರಿರುವ ಮಣ್ಣನ್ನೂ ಹಾಕಿ.

ದೀಪಕ್ಕ ಬೇರೆ ಡಾಗ್‌ವುಡ್ ಕೊಡಿಸುತ್ತೇನೆ, ರೋಗ ತಡೆಯುವ ಜಾತಿ ಇದೆಯಂತೆ ಅಂದಳು. ಚಿಕ್ಕಮ್ಮ ಹೋಗಿ ಕಾರಿನಲ್ಲಿ ಕೂತಳು.

ಆ ಸಂಜೆ ಚೀಲ ಹಿಡಿದದ್ದು ನಾನು. ಸಸಿ ಎತ್ತಿ ಒಳಗಿಟ್ಟದ್ದು ಚಿಕ್ಕಮ್ಮ. ಬಕೆಟ್ಟಿನ ಮಣ್ಣನ್ನೂ ಸುರಿದಳು. ಬಾಯಿ ಕಟ್ಟುವಾಗ “ತಡಿ” ಅಂದಳು. ಚೀಲದೊಳಗೆ ಕೈ ಹಾಕಿ ಒಂದು ಹಿಡಿ ಮಣ್ಣು ತೆಗೆದಳು. ಮುಷ್ಟಿ ಬಿಚ್ಚಿ ನೋಡಿದಳು. ಅದರಲ್ಲಿ ಎಲೆಯ ಚೂರುಗಳಿದ್ದವು. ಒಂದೊಂದೇ ಆರಿಸಿ ತೆಗೆಯಲು ನೋಡಿದಳು. ಚೂರು ಪುಡಿಯಾಗಿ ಮಣ್ಣಿಗೇ ಸೇರಿಹೋಗಿತ್ತು. ದೀಪಕ್ಕ “ಅಮ್ಮಾ” ಅಂದಳು. ಮಾಮ್ ಅನ್ನಲಿಲ್ಲ. ಚಿಕ್ಕಮ್ಮ ಮಣ್ಣನ್ನು ವಾಪಸ್ ಹಾಕಿ ಕೈ ಕೊಡವಿಕೊಂಡಳು.

ಬೆಳಗ್ಗೆ ಕಸದ ಲಾರಿ ಬಂತು. ಲಾರಿಯ ಪಕ್ಕದಿಂದ ಕಬ್ಬಿಣದ ಕೈ ಚಾಚಿ ಡಬ್ಬವನ್ನು ಎತ್ತಿ ಕವುಚಿ ಇಟ್ಟು ಹೋಯಿತು. ಡ್ರೈವರ್ ಇಳಿಯಲೂ ಇಲ್ಲ. ಬೇರೆ ದಿನವಾಗಿದ್ದರೆ ನಾನು ಅದನ್ನು ವಿಡಿಯೊ ಮಾಡಿ ಊರಿಗೆ ಕಳಿಸುತ್ತಿದ್ದೆ.

ಅಟ್ಲಾಂಟಾದಲ್ಲೇ

ಇನ್ನು ಉಳಿದದ್ದು ಸುಮಿತ್ರಕ್ಕನ ಸಸಿ. ಚಿಕ್ಕಮ್ಮ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದಳು, ನಾನು ಪಕ್ಕದಲ್ಲೇ ಇದ್ದೆ.

“ಸುಮಿ, ಆ ಗಿಡ ಕಿತ್ತು ಬಿಸಾಕು. ಇವತ್ತೇ.”

“ಯಾಕಾಂಟಿ?”

“ಅದು ಒಳ್ಳೇದಲ್ಲ ಕಣೇ. ನಿನ್ನ ಮನೇಗೆ ಕೆಟ್ಟದ್ದು. ನಾನು ಕೊಡಬಾರದಿತ್ತು.”

“ಯಾರು ಏನಂದ್ರು ಆಂಟಿ ನಿಮಗೆ?”

“ಯಾರೂ ಏನೂ ಅಂದಿಲ್ಲ. ಗಿಡಕ್ಕೆ ರೋಗ ಇದೆ. ನಿನ್ನ ಮರಕ್ಕೂ ಅಂಟುತ್ತೆ.”

“ಇಷ್ಟು ದಿನ ಇಲ್ಲದ ರೋಗ ಈಗೆಲ್ಲಿಂದ ಬಂತು? ದೇವಸ್ಥಾನದಲ್ಲಿ ಯಾರಾದ್ರೂ ಹೇಳಿದ್ರಾ, ನಿಮ್ಮ ಕೈಯಿಂದ ಕುಂಕುಮ ಕೊಡಬಾರದಿತ್ತು ಅಂತ? ಊರಿಂದ ನಿಮ್ಮಕ್ಕ ಏನಾದ್ರೂ ಅಂದ್ರಾ?”

“ಅಯ್ಯೋ, ಅದಲ್ಲವೇ...”

“ನಾನು ಕೀಳಲ್ಲ ಆಂಟಿ. ನಿಮ್ಮ ಕೈಯಿಂದ ಇಸ್ಕೊಂಡಿದ್ದು ಅದು. ನಿಮ್ಮ ಕೈ ಕೆಟ್ಟದ್ದಲ್ಲ. ಕಿತ್ರೆ ನಾನೂ ಅದನ್ನ ಒಪ್ಪಿಕೊಂಡ ಹಾಗಾಗುತ್ತೆ.”

ನಾನು ಫೋನ್ ಇಸಿದುಕೊಂಡೆ. “ಅಕ್ಕಾ, ನಿಜವಾಗ್ಲೂ ರೋಗ. ಅಂಗಡಿಯವಳೇ ಹೇಳಿದ್ಳು. ನಾವು ನಮ್ಮದನ್ನ ಕಸಕ್ಕೆ ಹಾಕಿ ಆಯ್ತು.”

“ಹಾಕೇ ಬಿಟ್ರಾ?” ಸುಮಿತ್ರಕ್ಕನ ದನಿ ಒಡೆಯಿತು. “ಮಂಜ, ಅವರು ಹೇಳಿದ್ರೂ ನೀನು ಹಾಕಬಾರದಿತ್ತು ಕಣೋ. ಸರಿ ಬಿಡು, ಈಗ ಇರೋದು ಇದೊಂದೇ. ನಾನು ನೋಡ್ಕೋತೀನಿ.”

ದೀಪಕ್ಕ ಇಂಗ್ಲಿಷಿನಲ್ಲಿ ಮೆಸೇಜ್ ಹಾಕಿದಳು, ಅಂಗಡಿಯವಳು ಕೊಟ್ಟ ರೋಗದ ಚಿತ್ರಗಳನ್ನೂ ಕಳಿಸಿದಳು. ಸುಮಿತ್ರಕ್ಕ ಗೂಗಲ್ ಮಾಡಿ, ಶಾರ್ಲೆಟ್ ಬಿಸಿಲಿಗೆ ಆ ರೋಗ ಅಷ್ಟು ಬರುವುದಿಲ್ಲವಂತೆ, ಆಂಟಿಗೆ ಧೈರ್ಯ ಹೇಳು ಅಂತ ಉತ್ತರ ಬರೆದರು. ಅವರ ಮರ ಇದ್ದದ್ದು ಬಿಸಿಲಿನಲ್ಲಲ್ಲ. ತೊರೆಯ ದಡದಲ್ಲಿ, ನೆರಳಿನಲ್ಲಿ, ದಿನಾ ಚಿಮ್ಮುವ ನೀರಿನ ಕೆಳಗೆ. ಗುಂಡಿ ತೋಡಿದವನು ನಾನು, ನನಗೆ ಗೊತ್ತು.

“ನಾನೇ ಬಸ್ಸು ಹತ್ತಿ ಹೋಗಿ ಕಿತ್ತು ಬರ್ತೀನಿ” ಅಂದೆ.

“ಹೇಳದೆ ಕೇಳದೆ ಇನ್ನೊಬ್ಬರ ಹಿತ್ತಲಿಗೆ ನುಗ್ಗಿದ್ರೆ ಪೊಲೀಸ್ ಬರ್ತಾರೆ. ಹೇಳಿ ಹೋದ್ರೆ ಅವಳು ಬಾಗಿಲಲ್ಲಿ ಅಡ್ಡ ನಿಲ್ತಾಳೆ. ನಂಗೊತ್ತು ಅವಳ ಬುದ್ಧಿ” ಅಂದಳು ಚಿಕ್ಕಮ್ಮ.

ಆಮೇಲೂ ಎರಡು ಮೂರು ಸಲ ಹೇಳಿ ನೋಡಿದಳು. ಪ್ರತಿ ಸಲವೂ ಸುಮಿತ್ರಕ್ಕ ಇನ್ನೂ ಪ್ರೀತಿಯಿಂದ ಬೈದರು. ಚಿಕ್ಕಮ್ಮ ಅಡುಗೆ ಮನೆಗೆ ಹೋಗುವುದು ನಿಲ್ಲಿಸಿದಳು. ಪೂಜೆಯೂ ಇಲ್ಲ. ಬೆಳಗ್ಗೆ ಎದ್ದು ಕಿಟಕಿ ಹತ್ತಿರ ಕೂತರೆ ದೀಪಕ್ಕ ಆಫೀಸಿನಿಂದ ಬರುವಾಗಲೂ ಅಲ್ಲೇ ಇರುತ್ತಿದ್ದಳು. ನಾನು ಕಾಫಿ ಮಾಡಿಕೊಡುತ್ತಿದ್ದೆ. ಅರ್ಧ ಕುಡಿಯುತ್ತಿದ್ದಳು.

ನಾನು ವಾಪಸ್ ಹೊರಡುವ ವಾರ ಸುಮಿತ್ರಕ್ಕನ ಫೋಟೊ ಬಂತು. ಸಸಿಯ ಬುಡಕ್ಕೆ ಸುತ್ತ ಕಲ್ಲು ಜೋಡಿಸಿದ್ದರು. ಒಂದು ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿದ್ದರು. ಸಸಿ ಎರಡು ಹೊಸ ಎಲೆ ಬಿಟ್ಟಿತ್ತು. ‘ನೋಡಿ ಆಂಟಿ, ಎಷ್ಟು ಚೆನ್ನಾಗಿದೆ ಅಂಕಲ್ ಗಿಡ. ನಿಮ್ಮ ಕೈಗುಣ’ ಅಂತ ಬರೆದಿದ್ದರು.

ನಾನು ಬೆರಳಿನಲ್ಲಿ ಫೋಟೊ ದೊಡ್ಡದು ಮಾಡಿದೆ. ಸಸಿಯ ಮೇಲೆ ದೊಡ್ಡ ಮರದ ಕೆಳಗಿನ ಕೊಂಬೆ ಬಾಗಿತ್ತು. ಅದರ ಎಲೆಗಳಲ್ಲಿ ಕಂದು ಚುಕ್ಕೆ, ಸುತ್ತ ನೇರಳೆ ಗೆರೆ. ಒಂದೆರಡಲ್ಲ, ಕೊಂಬೆ ತುಂಬ.

ಚಿಕ್ಕಮ್ಮನಿಗೆ ತೋರಿಸಬಾರದು ಅಂತ ಫೋನ್ ಮುಚ್ಚುವಷ್ಟರಲ್ಲಿ ಅವಳು ಕೈ ಚಾಚಿದಳು. ಕನ್ನಡಕ ಏರಿಸಿಕೊಂಡು ತುಂಬ ಹೊತ್ತು ನೋಡಿದಳು. ಅವಳಿಗೂ ಕಾಣಿಸಿತು. ಫೋನ್ ನನ್ನ ಕೈಗೆ ವಾಪಸ್ ಕೊಟ್ಟಳು.

“ಚೆನ್ನಾಗಿದೆ ಅಂತ ಹಾಕು.”

“ಚಿಕ್ಕಮ್ಮ...”

“ಇನ್ನು ಕಿತ್ತು ಏನಾಗಬೇಕೋ? ಹಾಕು.”

ಚೆನ್ನಾಗಿದೆ ಅಂತ ಹಾಕಿದೆ.